ಅಕ್ಟೋಬರಿನ ಹಕ್ಕಿ, ಜನವರಿಯ ಹಕ್ಕಿ

ಅಮೆರಿಕದ ಮಿಶಿಗನ್ ರಾಜ್ಯದ ಬೇಟೆ ಕ್ಯಾಲೆಂಡರಿನ ನಟ್ಟನಡುವೆ ಒಂದು ಕಿಂಡಿ ಇದೆ. ರಫ್ಡ್ ಗ್ರೌಸ್ ಎಂಬ ಕಾಡುಹಕ್ಕಿಯನ್ನು ಹೊಡೆಯಲು ಸೆಪ್ಟೆಂಬರ್ 15ರಿಂದ ನವೆಂಬರ್ 14ರವರೆಗೆ ಅನುಮತಿ ಉಂಟು. 15ನೇ ತಾರೀಖಿಗೆ ಬಾಗಿಲು ಮುಚ್ಚುತ್ತದೆ. ಡಿಸೆಂಬರ್ 1ಕ್ಕೆ ಮತ್ತೆ ತೆರೆದು ಜನವರಿ 1ಕ್ಕೆ ಆ ವರ್ಷದ ಲೆಕ್ಕ ಚುಕ್ತಾ. ನಡುವಿನ ಹದಿನಾರು ದಿನಗಳ ಬಿಡುವು ಹಕ್ಕಿಯ ಮೇಲಿನ ಕನಿಕರದಿಂದ ಬಂದದ್ದಲ್ಲ. ಆ ಎರಡು ವಾರ ಲಕ್ಷಗಟ್ಟಲೆ ಜನ ಜಿಂಕೆ ಬೇಟೆಗೆಂದು ರೈಫಲ್ ಹಿಡಿದು ಕಾಡು ಹೊಗುತ್ತಾರೆ. ಅಂಥ ಹೊತ್ತಿನಲ್ಲಿ ನಾಯಿ ಕಟ್ಟಿಕೊಂಡು ಪೊದೆ ಪೊದೆ ತಡಕುವವರು ಅಲ್ಲಿ ಇಲ್ಲದಿರುವುದೇ ಎಲ್ಲರಿಗೂ ಕ್ಷೇಮ.

ಬಿಡುವಿಗೆ ಕಾರಣ ಮನುಷ್ಯರೇ ಆದರೂ, ಅದರ ಆಚೆ ಈಚೆ ಇರುವ ಎರಡು ತುಂಡುಗಳು ಹಕ್ಕಿಯ ಪಾಲಿಗೆ ಒಂದೇ ಅಲ್ಲ. ಮೊದಲನೆಯದರಲ್ಲಿ ಕಾಡು ಕೆಂಪು, ಹಳದಿ, ಬಂಗಾರದ ಬಣ್ಣದಲ್ಲಿರುತ್ತದೆ. ಆ ಬೇಸಿಗೆಯಲ್ಲಿ ಹುಟ್ಟಿದ ಎಳೆಯ ಹಕ್ಕಿಗಳು ಎಲ್ಲೆಲ್ಲೂ ಓಡಾಡುತ್ತಿರುತ್ತವೆ. ಎರಡನೆಯದರಲ್ಲಿ ಎಲೆ ಉದುರಿರುತ್ತದೆ, ನೆಲ ಕಲ್ಲಾಗಿರುತ್ತದೆ, ಹಿಮ ಬಿದ್ದಿರುತ್ತದೆ. ಸುಪೀರಿಯರ್ ಸರೋವರಕ್ಕೆ ಚಾಚಿಕೊಂಡ ಕೀವೀನಾ ಪರ್ಯಾಯದ್ವೀಪದಲ್ಲಿ ಒಂದೇ ಚಳಿಗಾಲದಲ್ಲಿ ಬೀಳುವ ಹಿಮವನ್ನು ಕೂಡಿಸಿದರೆ ಸರಾಸರಿ ಐದು ಮೀಟರ್ ದಾಟುತ್ತದೆ. ಅಕ್ಟೋಬರಿನಲ್ಲಿ ಕಂಡಲ್ಲೆಲ್ಲ ಪುರ್ರೆಂದು ಏಳುತ್ತಿದ್ದ ಹಕ್ಕಿ ಡಿಸೆಂಬರಿನಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ವಿರಳವಾಗಿರುತ್ತದೆ. ಉಳಿದ ಆ ಕೆಲವನ್ನು ಹೊಡೆಯುವುದು ಸರಿಯೇ? ಎಷ್ಟನ್ನು ಹೊಡೆದರೆ ಮುಂದಿನ ವರ್ಷಕ್ಕೆ ಪೆಟ್ಟು? ಯಾವ ತಾರೀಖಿಗೆ ಕೋವಿ ಗೂಡು ಸೇರಬೇಕು? ಇವು ನೀತಿಯ ಪ್ರಶ್ನೆಗಳಂತೆ ಕೇಳುತ್ತವೆ. ಆದರೆ ತೊಂಬತ್ತು ವರ್ಷಗಳಿಂದ ವಿಜ್ಞಾನಿಗಳು ಇವನ್ನು ಗಣಿತದ ಪ್ರಶ್ನೆಗಳಾಗಿ ಬಿಡಿಸಲು ಹೆಣಗುತ್ತಿದ್ದಾರೆ. ಉತ್ತರ ಇನ್ನೂ ಪೂರ್ತಿ ಕೈಗೆ ಬಂದಿಲ್ಲ.

ಭಾರತದ ಓದುಗರಿಗೆ ಈ ಇಡೀ ವ್ಯವಹಾರವೇ ಅಪರಿಚಿತ ಎನಿಸಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಗೆ ಲಗಾಮು ಹಾಕಿತು, 1991ರ ತಿದ್ದುಪಡಿ ಉಳಿದ ಸಂದುಗಳನ್ನೂ ಮುಚ್ಚಿತು. ಅಮೆರಿಕ ಬೇರೆ ದಾರಿ ಹಿಡಿಯಿತು. ಅಲ್ಲಿ ಹಕ್ಕಿ ಯಾರಪ್ಪನ ಸ್ವತ್ತೂ ಅಲ್ಲ, ರಾಜ್ಯದ ಜನರೆಲ್ಲರದ್ದು, ಲೈಸೆನ್ಸ್ ಪಡೆದವರು ಗೊತ್ತಾದ ದಿನಗಳಲ್ಲಿ, ಗೊತ್ತಾದ ಸಂಖ್ಯೆಯಲ್ಲಿ ಹೊಡೆಯಬಹುದು, ಹೊಡೆದದ್ದನ್ನು ಮಾರುವಂತಿಲ್ಲ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಬಂದೂಕು ಮತ್ತು ತೋಟಾಗಳ ಮೇಲೆ ಶೇ. 11ರಷ್ಟು ತೆರಿಗೆ ಇದೆ. ಆ ಹಣ ವನ್ಯಜೀವಿಗಳ ಅಧ್ಯಯನಕ್ಕೂ ನೆಲೆಗಳ ರಕ್ಷಣೆಗೂ ಹೋಗುತ್ತದೆ. ಹಕ್ಕಿಯನ್ನು ಕೊಲ್ಲುವ ಉಪಕರಣದಿಂದಲೇ ಹಕ್ಕಿಶಾಸ್ತ್ರಜ್ಞನ ಸಂಬಳ ಹುಟ್ಟುವ ಈ ಏರ್ಪಾಡು ಸರಿಯೋ ತಪ್ಪೋ ಎಂಬ ವಾದ ಬೇರೆಯೇ ಇದೆ. ಅದರಿಂದ ಹುಟ್ಟಿದ ಜ್ಞಾನವಂತೂ ಅಪಾರ.

ಬಾತುಗಳಂಥ ನೀರುಹಕ್ಕಿಗಳನ್ನು ಬಿಟ್ಟು, ಒಣ ನೆಲದ ಹಕ್ಕಿಗಳನ್ನು ಬೇಟೆಗಾರರು ಒಂದು ಗುಂಪಾಗಿ ಎಣಿಸುತ್ತಾರೆ. ರಫ್ಡ್ ಗ್ರೌಸ್, ವುಡ್‌ಕಾಕ್, ಬಾಬ್‌ವೈಟ್ ಕ್ವೇಲ್, ಫೆಸೆಂಟ್ ಅದರಲ್ಲಿ ಮುಖ್ಯವಾದವು. ವುಡ್‌ಕಾಕ್ ಒಂದನ್ನು ಬಿಟ್ಟರೆ ಮಿಕ್ಕವು ನಮ್ಮ ಕಾಡುಕೋಳಿ, ಕೌಜುಗ, ಬುರ್ಲಿಗಳು ಸೇರಿದ ಕೋಳಿ ಬಳಗದವೇ. ಚಳಿಗಾಲ ಬಂತೆಂದರೆ ನಾಲ್ಕೂ ನಾಲ್ಕು ದಾರಿ ಹಿಡಿಯುತ್ತವೆ.

ಮೊದಲು ಹೊರಡುವುದು ವುಡ್‌ಕಾಕ್. ಮಣ್ಣಿಗೆ ಉದ್ದ ಕೊಕ್ಕು ಚುಚ್ಚಿ, ಒಳಗೇ ಕೊಕ್ಕಿನ ತುದಿಯನ್ನಷ್ಟೇ ತೆರೆದು ಎರೆಹುಳು ಹಿಡಿಯುವ ಹಕ್ಕಿ ಇದು. ಮಣ್ಣು ಹೆಪ್ಪುಗಟ್ಟಿದರೆ ಅದರ ಅನ್ನ ಹೋಯಿತು. ಆದ್ದರಿಂದ ಅಕ್ಟೋಬರ್ ಕೊನೆಯಲ್ಲಿ, ನವೆಂಬರಿನಲ್ಲಿ ರಾತ್ರೋರಾತ್ರಿ ದಕ್ಷಿಣಕ್ಕೆ ಸಾಗಿ ಲೂಯಿಸಿಯಾನದಂಥ ಬೆಚ್ಚಗಿನ ರಾಜ್ಯಗಳನ್ನು ಸೇರುತ್ತದೆ. ಇದರ ಯುರೇಷ್ಯಾದ ಸೋದರ ಹಿಮಾಲಯದ ಚಳಿ ತಾಳದೆ ನೀಲಗಿರಿಯವರೆಗೂ ಬರುವುದು ಇದೇ ಕಾರಣಕ್ಕೆ. ರಾಜ್ಯದಿಂದ ರಾಜ್ಯಕ್ಕೆ ಹಾರುವ ಹಕ್ಕಿಯಾದ್ದರಿಂದ ಇದರ ಮೇಲೆ ಕೇಂದ್ರ ಸರ್ಕಾರದ ಹಿಡಿತ ಇದೆ: ಒಂದು ರಾಜ್ಯದಲ್ಲಿ ಬೇಟೆಗೆ ಹೆಚ್ಚೆಂದರೆ 45 ದಿನ, ಒಬ್ಬರಿಗೆ ದಿನಕ್ಕೆ ಮೂರೇ ಹಕ್ಕಿ. ಹೊಡೆದ ಹಕ್ಕಿಯ ಒಂದು ರೆಕ್ಕೆಯನ್ನು ಬೇಟೆಗಾರರು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಪದ್ಧತಿಯೂ ಉಂಟು. ವರ್ಷಕ್ಕೊಮ್ಮೆ ಜೀವಶಾಸ್ತ್ರಜ್ಞರು ಒಂದೆಡೆ ಸೇರಿ ಸಾವಿರಾರು ರೆಕ್ಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂರುತ್ತಾರೆ. ಹೊರಗಿನ ಮೂರು ಗರಿಗಳ ಅಗಲ ನೋಡಿದರೆ ಗಂಡೋ ಹೆಣ್ಣೋ ತಿಳಿಯುತ್ತದೆ, ಒಳಗರಿಗಳ ಚಿತ್ತಾರದಿಂದ ಆ ವರ್ಷದ ಮರಿಯೋ ಹಳೆಯ ಹಕ್ಕಿಯೋ ತಿಳಿಯುತ್ತದೆ. ಹೆಣ್ಣೊಂದಕ್ಕೆ ಎಷ್ಟು ಮರಿ ಎಂಬ ಅನುಪಾತ ಸಿಕ್ಕರೆ ಆ ಬೇಸಿಗೆಯ ಸಂತಾನ ಹೇಗಿತ್ತೆಂದು ಹೇಳಬಹುದು. ಸತ್ತ ಹಕ್ಕಿಯಿಂದ ಬದುಕಿರುವ ಹಕ್ಕಿಗಳ ಜಾತಕ ಬರೆಯುವ ಕೆಲಸ.

ಗ್ರೌಸ್ ಎಲ್ಲಿಗೂ ಹೋಗುವುದಿಲ್ಲ. ಅರ್ಧ ಕಿಲೋಗಿಂತ ತುಸು ಹೆಚ್ಚು ತೂಗುವ ಈ ಹಕ್ಕಿ ಮೈಯಲ್ಲಿ ಹೇಳಿಕೊಳ್ಳುವಂಥ ಕೊಬ್ಬನ್ನೂ ಕೂಡಿಡುವುದಿಲ್ಲ. ಹಾಗಿದ್ದರೂ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ರಾತ್ರಿಗಳನ್ನು ಕಳೆದು ವಸಂತ ಕಾಣುತ್ತದೆ. ಹೇಗೆ ಎಂಬುದು ಪಕ್ಷಿಲೋಕದ ಸ್ವಾರಸ್ಯವಾದ ಕಥೆಗಳಲ್ಲೊಂದು.

ಸಿದ್ಧತೆ ಕಾಲಿನಿಂದಲೇ ಶುರುವಾಗುತ್ತದೆ. ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಬೆರಳುಗಳ ಎರಡೂ ಅಂಚಿನಲ್ಲಿ ಬಾಚಣಿಗೆಯಂಥ ಗಟ್ಟಿ ಹಲ್ಲುಗಳು ಬೆಳೆಯುತ್ತವೆ. ಇವುಗಳಿಂದ ಪಾದ ಅಗಲವಾಗಿ ಮೆತ್ತನೆಯ ಹಿಮದಲ್ಲಿ ಹೂತುಹೋಗುವುದು ತಪ್ಪುತ್ತದೆ, ಹಿಮಗಟ್ಟಿದ ರೆಂಬೆಯನ್ನು ಹಿಡಿಯಲೂ ನೆರವಾಗುತ್ತದೆ. ವಸಂತ ಬಂದಾಗ ಉದುರಿಹೋಗುತ್ತವೆ. ಮೂಗಿನ ಹೊಳ್ಳೆಗಳ ಮೇಲೆ, ಕಾಲಿನ ಮೇಲುಭಾಗದ ಮೇಲೆ ಗರಿಯ ಹೊದಿಕೆ ಬೇರೆ.

ಆಮೇಲೆ ಊಟ ಬದಲಾಗುತ್ತದೆ. ಅಕ್ಟೋಬರಿನಲ್ಲಿ ಹೊಡೆದ ಗ್ರೌಸಿನ ಗಂಟಲ ಚೀಲ ಬಿಚ್ಚಿದರೆ ಕ್ಲೋವರ್ ಎಲೆ, ಕಾಡುಹಣ್ಣು, ಬೀಜ, ಒಂದೆರಡು ಹುಳು ಎಲ್ಲವೂ ಕಲೆತ ಮಿಶ್ರಣ ಸಿಗುತ್ತದೆ. ಅನುಭವಸ್ಥ ಬೇಟೆಗಾರರು ಮೊದಲ ಹಕ್ಕಿ ಸಿಕ್ಕೊಡನೆ ಚೀಲ ಬಿಚ್ಚಿ ನೋಡುತ್ತಾರೆ. ಉಳಿದವು ಆ ದಿನ ಎಲ್ಲಿ ಮೇಯುತ್ತಿವೆ ಎಂಬ ಸುಳಿವು ಅಲ್ಲಿರುತ್ತದೆ. ಡಿಸೆಂಬರಿನ ಚೀಲದಲ್ಲಿ ಬಹುಮಟ್ಟಿಗೆ ಒಂದೇ ಪದಾರ್ಥ: ಮರದ ಮೊಗ್ಗು. ಅದರಲ್ಲೂ ಆಸ್ಪೆನ್ ಮರದ್ದು, ಅದರಲ್ಲೂ ಗಂಡು ಮರದ ಹೂಮೊಗ್ಗು. ಮಿನ್ನೆಸೋಟ ವಿಶ್ವವಿದ್ಯಾಲಯದ ಗಾರ್ಡನ್ ಗಲಿಯನ್ ಕ್ಲೊಕೆ ಎಂಬಲ್ಲಿನ ಅರಣ್ಯ ಸಂಶೋಧನಾ ಕೇಂದ್ರದಲ್ಲಿ 1950ರ ದಶಕದ ಕೊನೆಯಿಂದ ದಶಕಗಳ ಕಾಲ ಈ ಹಕ್ಕಿಯ ಬೆನ್ನು ಹತ್ತಿದವರು. ಅವರು ಕಂಡದ್ದು ಹೀಗೆ: ಸಂಜೆ ಬೆಳಕು ಆರುವ ಮುನ್ನ ಗ್ರೌಸ್ ಆಸ್ಪೆನ್ ಮರದ ತುದಿ ಏರಿ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗಬಗಬನೆ ಚೀಲ ತುಂಬಿಸಿಕೊಳ್ಳುತ್ತದೆ. ಜೀರ್ಣಿಸುವ ಕೆಲಸ ಆಮೇಲಿನದು, ಮರೆಯಲ್ಲಿ. ಬರಿಯ ಕೊಂಬೆಯ ಮೇಲೆ ಕೂತ ಹಕ್ಕಿ ಗಿಡುಗನಿಗೂ ಗೂಬೆಗೂ ದೂರದಿಂದಲೇ ಕಾಣುತ್ತದಲ್ಲ, ಹೊರಗಿರುವ ಹೊತ್ತನ್ನು ಮೊಟಕು ಮಾಡಿದಷ್ಟೂ ಆಯುಸ್ಸು.

ಮೊಗ್ಗು ಸುಲಭದ ತುತ್ತಲ್ಲ. ನಾರು ಹೆಚ್ಚು, ಜೊತೆಗೆ ಮರ ತನ್ನ ರಕ್ಷಣೆಗೆಂದು ತುಂಬಿದ ರಾಸಾಯನಿಕಗಳು. ಕೊನಿಫೆರಿಲ್ ಬೆಂಜೊಯೇಟ್ ಎಂಬುದು ಅವುಗಳಲ್ಲಿ ಮುಖ್ಯ. ಅಕ್ಕಪಕ್ಕದ ಎರಡು ಆಸ್ಪೆನ್‌ಗಳಲ್ಲಿ ಒಂದನ್ನು ಬೋಳಿಸಿ ಇನ್ನೊಂದನ್ನು ಮುಟ್ಟದೆ ಬಿಡುವ ಗ್ರೌಸಿನ ಚಾಳಿಗೆ ಈ ವಿಷದ ಪ್ರಮಾಣದಲ್ಲಿನ ಹೆಚ್ಚುಕಡಿಮೆಯೇ ಕಾರಣವೆಂದು ಗಲಿಯನ್ ಮತ್ತು ಸಹೋದ್ಯೋಗಿಗಳು ತೋರಿಸಿದರು. ಚಳಿಗಾಲದಲ್ಲಿ ಹಕ್ಕಿಯ ಕರುಳು ಹಿಗ್ಗುತ್ತದೆ. ಕುರುಡು ಕರುಳಿನ ಜೋಡಿ ಕೊಳವೆಗಳಲ್ಲಿ ಬ್ಯಾಕ್ಟೀರಿಯಾಗಳು ಕೂತು ನಾರನ್ನು ಒಡೆಯುತ್ತವೆ. ಅಕ್ಟೋಬರಿನ ಗ್ರೌಸ್ ಮತ್ತು ಜನವರಿಯ ಗ್ರೌಸ್ ಒಳಗಿನ ಅಂಗಾಂಗದಲ್ಲೂ ಬೇರೆ ಬೇರೆಯೇ.

ಕತ್ತಲಾದ ಮೇಲೆ ನಡೆಯುವುದು ಇನ್ನೂ ಸೊಗಸು. ಮೆತ್ತನೆಯ ಹಿಮ ಒಂದು ಅಡಿಯಷ್ಟು ಬಿದ್ದಿದ್ದರೆ ಗ್ರೌಸ್ ಹಾರುತ್ತ ಬಂದು ನೇರ ಅದರೊಳಕ್ಕೆ ಧುಮುಕುತ್ತದೆ, ಒಳಗೇ ಒಂದಷ್ಟು ದೂರ ಸುರಂಗ ಕೊರೆದು ಮಲಗುತ್ತದೆ. ಹಿಂದೆ ಬಿದ್ದ ಹಿಮವೇ ಬಾಗಿಲು ಮುಚ್ಚುತ್ತದೆ. ನಡೆದು ಹೋದ ಹೆಜ್ಜೆಗುರುತಿಲ್ಲವಾದ್ದರಿಂದ ನರಿಗೂ ಸುಳಿವು ಸಿಗುವುದು ಕಷ್ಟ. ಹೊರಗೆ ರಕ್ತ ಹೆಪ್ಪುಗಟ್ಟಿಸುವ ಚಳಿಯಿದ್ದರೂ ಗೂಡಿನೊಳಗೆ ಉಷ್ಣತೆ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ನಿಲ್ಲುತ್ತದೆ. ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಹೋಗುವವರ ಕಾಲಬುಡದಲ್ಲೇ ನೆಲ ಸಿಡಿದಂತೆ ಹಕ್ಕಿಯೊಂದು ಮೇಲೆದ್ದು ಎದೆ ಝಲ್ಲೆನಿಸುವುದು ಆ ಕಡೆಯ ಮಾಮೂಲು ಅನುಭವ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ರಾಜ್ಯದ ನಡುಭಾಗದ ಸ್ಯಾಂಡ್‌ಹಿಲ್ ವನ್ಯಜೀವಿ ಪ್ರದೇಶದಲ್ಲಿ ಈ ಹಿಮಶಯನದ ಲಾಭವನ್ನು ಅಳೆದು, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಕ್ಕಿಗಳ ಹಿಕ್ಕೆಯಲ್ಲಿರುವ ಒತ್ತಡದ ಹಾರ್ಮೋನನ್ನು ಪರೀಕ್ಷಿಸಿದಾಗ, ಚಳಿ ಹೆಚ್ಚಿದಂತೆ ಒತ್ತಡವೂ ಹೆಚ್ಚುವುದು ಕಂಡಿತು. ಹಿಮದೊಳಗೆ ಮಲಗಿದವುಗಳಲ್ಲಿ ಮಾತ್ರ ಆ ಏರಿಕೆ ಇರಲಿಲ್ಲ. ಗ್ರೌಸಿಗೆ ಹಿಮ ವೈರಿಯಲ್ಲ, ಹೊದಿಕೆ. ಹಿಮವಿಲ್ಲದ ಒಣಚಳಿ, ಇಲ್ಲವೇ ಹಿಮದ ಮೇಲೆ ಮಳೆ ಬಿದ್ದು ಗಾಜಿನಂಥ ಪದರ ಕಟ್ಟುವುದು, ಇವೇ ಅದರ ನಿಜವಾದ ಆಪತ್ತು. ಹವಾಮಾನ ಬಿಸಿಯಾಗುತ್ತ ಗ್ರೌಸ್ ನೆಲೆಯ ದಕ್ಷಿಣದ ಅಂಚಿನಲ್ಲಿ ಮೆತ್ತನೆಯ ಆಳ ಹಿಮದ ದಿನಗಳು ಕಮ್ಮಿಯಾಗುತ್ತಿರುವುದು ಈ ಕಾರಣಕ್ಕೇ ತಲೆನೋವಿನ ವಿಷಯ. ಬೆಚ್ಚಗಿನ ಚಳಿಗಾಲ ಬಂದರೆ ಹಕ್ಕಿ ಸುಖವಾಗಿರುತ್ತದೆ ಎಂಬ ನಮ್ಮ ಸಹಜ ಊಹೆ ಇಲ್ಲಿ ತಲೆಕೆಳಗು.

ಫೆಸೆಂಟಿನ ಕಥೆ ಬೇರೆ. ಅದು ಮೂಲತಃ ಅಮೆರಿಕದ್ದೇ ಅಲ್ಲ. ಶಾಂಘೈಯಲ್ಲಿ ಅಮೆರಿಕದ ಕಾನ್ಸುಲೇಟ್ ಕಚೇರಿಯಲ್ಲಿದ್ದ ಓವೆನ್ ಡೆನ್ನಿ 1880ರ ದಶಕದ ಆರಂಭದಲ್ಲಿ ಚೀನಾದಿಂದ ಆರಿಗನ್‌ಗೆ ಸಾಗಿಸಿದ ಹಕ್ಕಿಗಳು ಅಲ್ಲಿ ಬೇರೂರಿದವು. ಮುಂದೆ ಇದು ದಕ್ಷಿಣ ಡಕೋಟದ ರಾಜ್ಯಪಕ್ಷಿಯೇ ಆಯಿತು. ಆಸ್ಪೆನ್ ಕಾಡಿಲ್ಲದ, ಗಾಳಿಗೆ ತಡೆಯಿಲ್ಲದ ಹುಲ್ಲುಬಯಲಿನಲ್ಲಿ ಬದುಕುವ ಈ ಹಕ್ಕಿಗೆ ಹಿಮಬಿರುಗಾಳಿ ಯಮ. ಪುಡಿಹಿಮ ಗಾಳಿಯ ರಭಸಕ್ಕೆ ಮೂಗಿನ ಹೊಳ್ಳೆಗಳಲ್ಲಿ, ಬಾಯಲ್ಲಿ ತುಂಬಿ ಮಂಜುಗಡ್ಡೆಯಾಗುತ್ತದೆ. ಹೊಟ್ಟೆ ತುಂಬಿರುವ ಹಕ್ಕಿಯೂ ಉಸಿರುಗಟ್ಟಿ ಸಾಯುತ್ತದೆ. ಆಪುಹುಲ್ಲು ದಟ್ಟವಾಗಿ ಬೆಳೆದ ಜೌಗು ಸಿಕ್ಕರೆ ಅದರೊಳಗೆ ನುಗ್ಗಿ ಬದುಕಿಕೊಳ್ಳುತ್ತದೆ. ಆದ್ದರಿಂದಲೇ ಋತುವಿನ ಕೊನೆಯ ವಾರಗಳಲ್ಲಿ ಬೇಟೆಗಾರರು ಹುಡುಕುವುದೂ ಆ ಜೌಗುಗಳನ್ನೇ. ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ, ಅಕ್ಟೋಬರಿನಲ್ಲಿ ಕಾಲಿಡಲಾಗದಿದ್ದ ಜಾಗಕ್ಕೆ ನಡೆದೇ ಹೋಗಬಹುದು.

ಬಾಬ್‌ವೈಟ್ ಕ್ವೇಲ್ ಇನ್ನೂ ಚಿಕ್ಕದು. ಹತ್ತು ಹದಿನೈದು ಹಕ್ಕಿಗಳು ಒಂದು ತಂಡ ಕಟ್ಟಿಕೊಂಡು ಚಳಿಗಾಲ ಕಳೆಯುತ್ತವೆ. ರಾತ್ರಿ ಬಾಲಗಳನ್ನು ಒಳಕ್ಕೆ, ತಲೆಗಳನ್ನು ಹೊರಕ್ಕೆ ಮಾಡಿ ಮೈಗೆ ಮೈ ಒತ್ತಿ ವೃತ್ತಾಕಾರವಾಗಿ ಕೂರುತ್ತವೆ. ಬಿಸಿ ಹಂಚಿಕೊಂಡಂತೆಯೂ ಆಯಿತು, ವೈರಿ ಬಂದರೆ ಎಲ್ಲವೂ ಒಟ್ಟಿಗೆ ಎಂಟು ದಿಕ್ಕಿಗೆ ಸಿಡಿದು ಹಾರಿದಂತೆಯೂ ಆಯಿತು. ತಂಡದಲ್ಲಿ ತಲೆ ಕಮ್ಮಿಯಾದಷ್ಟೂ ವೃತ್ತ ತಣ್ಣಗಾಗುತ್ತದೆ. ಬೇಟೆಯ ಗಣಿತಕ್ಕೆ ಅಡಿಪಾಯ ಹಾಕಿದ್ದು ಈ ಪುಟಾಣಿ ಹಕ್ಕಿ.

ಆ ಹಕ್ಕಿಯ ಲೆಕ್ಕ ಹಿಡಿದ ಪಾಲ್ ಎರಿಂಗ್‌ಟನ್ ದಕ್ಷಿಣ ಡಕೋಟದ ಹುಡುಗ. ಬಾಲ್ಯದಲ್ಲಿ ಪೋಲಿಯೊ ತಗುಲಿ ಕಾಲಿಗೆ ಪೆಟ್ಟಾಗಿದ್ದರೂ ಬಲೆ ಹಾಕಿ ತುಪ್ಪಳದ ಪ್ರಾಣಿಗಳನ್ನು ಹಿಡಿದು ಬೆಳೆದವರು. 1929ರಲ್ಲಿ ವಿಸ್ಕಾನ್ಸಿನ್‌ಗೆ ಬಂದು ಪ್ರೇರಿ ಡು ಸ್ಯಾಕ್ ಎಂಬ ಊರಿನ ಸುತ್ತಲಿನ ಹೊಲಗದ್ದೆಗಳಲ್ಲಿ ಕ್ವೇಲ್ ಎಣಿಸಲು ಶುರುಮಾಡಿದರು. ಅದಕ್ಕೆ ಹಣ ಕೊಟ್ಟವರು ಬಂದೂಕು ಮತ್ತು ತೋಟಾ ತಯಾರಕರ ಸಂಘದವರು. ಏರ್ಪಾಟು ಮಾಡಿಸಿದವರು ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್. ಗಿಡುಗ, ಗೂಬೆ, ನರಿಗಳನ್ನು ನಿರ್ಮೂಲ ಮಾಡಿದರೆ ಬೇಟೆಗೆ ಹೆಚ್ಚು ಹಕ್ಕಿ ಸಿಗುತ್ತವೆ ಎಂಬುದು ಆ ಕಾಲದ ಸಾಮಾನ್ಯ ತಿಳಿವಳಿಕೆ. ಎರಿಂಗ್‌ಟನ್ ಚಳಿಗಾಲಗಳ ಮೇಲೆ ಚಳಿಗಾಲ ಎಣಿಸಿ ತಂದ ಫಲಿತಾಂಶ ಅದಕ್ಕೆ ನೇರ ಉಲ್ಟಾ ಇತ್ತು.

ಒಂದು ತುಂಡು ನೆಲದಲ್ಲಿ ಚಳಿಗಾಲದ ಆರಂಭಕ್ಕೆ ಎಷ್ಟೇ ಕ್ವೇಲ್‌ಗಳಿರಲಿ, ವಸಂತಕ್ಕೆ ಉಳಿಯುವುದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಸಂಖ್ಯೆ. ಮೂವತ್ತು ಸೀಟಿನ ಬಸ್ಸಿಗೆ ಐವತ್ತು ಜನ ಕಾದು ನಿಂತರೂ ಹೊರಡುವವರು ಮೂವತ್ತು ಮಂದಿ ತಾನೆ. ಅಡಗಲು ಪೊದೆ, ಹತ್ತಿರದಲ್ಲೇ ಕಾಳು, ಎರಡೂ ಇರುವ ಜಾಗಗಳೇ ಇಲ್ಲಿನ ಸೀಟುಗಳು. ಅವು ಸಿಗದೆ ಬಯಲಲ್ಲಿ ಅಲೆಯುವ ಹಕ್ಕಿಯನ್ನು ಗೂಬೆ ಹಿಡಿಯದಿದ್ದರೆ ಹಸಿವು ಹಿಡಿಯುತ್ತದೆ, ಹಸಿವು ತಪ್ಪಿದರೆ ಹಿಮ ಹಿಡಿಯುತ್ತದೆ. ಈ ಹೆಚ್ಚುವರಿ ಹಕ್ಕಿಗಳ ಹಣೆಬರಹ ಆಗಲೇ ಬರೆದಾಗಿದೆ ಎಂದರು ಎರಿಂಗ್‌ಟನ್. ಗೂಬೆಯನ್ನು ಕೊಂದು ಪ್ರಯೋಜನವಿಲ್ಲ, ಬೇಕಾದ್ದು ಪೊದೆ. ತೋಟಾ ಕಂಪನಿಗಳ ದುಡ್ಡಿನಿಂದ ಗೂಬೆ ಗಿಡುಗಗಳ ಪರ ವಕಾಲತ್ತು ಹುಟ್ಟಿತು.

ಅದೇ ವಾದದ ಇನ್ನೊಂದು ಮಗ್ಗುಲು ಬೇಟೆಗಾರರಿಗೆ ಹಿತವಾಗಿತ್ತು. ಹೇಗೂ ಸಾಯುವ ಹಕ್ಕಿಯನ್ನು ಶರತ್ಕಾಲದಲ್ಲಿ ಮನುಷ್ಯ ಹೊಡೆದರೆ ನಷ್ಟವೇನು? ಬೇಟೆಯ ಸಾವು ನೈಸರ್ಗಿಕ ಸಾವಿನ ಜಾಗ ತುಂಬುತ್ತದೆ, ಮೇಲೆ ಸೇರುವುದಿಲ್ಲ. ಲಿಯೊಪೋಲ್ಡ್ 1933ರಲ್ಲಿ ಪ್ರಕಟಿಸಿದ ‘ಗೇಮ್ ಮ್ಯಾನೇಜ್‌ಮೆಂಟ್’ ಗ್ರಂಥದ ಕಾಲದಿಂದ ಈ ಬಗೆಯ ಚಿಂತನೆ ವನ್ಯಜೀವಿ ಇಲಾಖೆಗಳ ಕೈಪಿಡಿಗಳಿಗೆ ಇಳಿಯಿತು. ಗ್ರೌಸ್ ಹೆಣ್ಣು ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಶರತ್ಕಾಲದಲ್ಲಿರುವ ಹಕ್ಕಿಗಳಲ್ಲಿ ಅರ್ಧಕ್ಕರ್ಧ, ಎಷ್ಟೋ ಸಲ ಅದಕ್ಕಿಂತ ಹೆಚ್ಚು, ಕೋವಿಯ ಸದ್ದೇ ಕೇಳದ ಕಾಡಿನಲ್ಲೂ ಮುಂದಿನ ವಸಂತ ಕಾಣುವುದಿಲ್ಲ. ಇಷ್ಟು ಬೇಗ ಹುಟ್ಟಿ ಇಷ್ಟು ಬೇಗ ಸಾಯುವ ಹಕ್ಕಿಯಲ್ಲಿ ಈ ವಾದ ನಂಬುವಂತೆಯೇ ಇದೆ.

ಆದರೆ ಬಸ್ಸು ಹೊರಟ ಮೇಲೆ? ಅಕ್ಟೋಬರಿನಲ್ಲಿ ಸೀಟಿಗಾಗಿ ಕಾದು ನಿಂತವರಲ್ಲಿ ಒಬ್ಬರನ್ನು ಎಳೆದರೆ ಇನ್ನೊಬ್ಬರು ಕೂರುತ್ತಾರೆ. ಜನವರಿಯ ಹೊತ್ತಿಗೆ ನಿಂತವರು ಯಾರೂ ಉಳಿದಿಲ್ಲ. ಕೂತವರನ್ನೇ ಇಳಿಸಿದರೆ ಸೀಟು ಖಾಲಿ ಹೋಗುತ್ತದೆ. ಮೂರು ತಿಂಗಳು ಗಿಡುಗನ ಕಣ್ಣು ತಪ್ಪಿಸಿ, ಚಳಿ ಗೆದ್ದು, ಒಳ್ಳೆಯ ಜಾಗ ಹಿಡಿದು ಕೂತ ಹಕ್ಕಿಯೇ ಏಪ್ರಿಲಿನಲ್ಲಿ ಜೋಡಿ ಕಟ್ಟುವ ಹಕ್ಕಿ. ಋತು ಮುಗಿಯುವ ತಾರೀಖಿನ ಹಿಂದಿರುವ ತರ್ಕ ಇದು: ಹಕ್ಕಿ ಒಂದೇ ಆದರೂ ವಾರ ಕಳೆದಂತೆ ಅದರ ಬೆಲೆ ಏರುತ್ತ ಹೋಗುತ್ತದೆ.

ಈ ಲೆಕ್ಕವನ್ನು ನಾರ್ವೆಯವರು ಪ್ರಯೋಗಕ್ಕೆ ಒಡ್ಡಿದರು. ಅಲ್ಲಿನ ಬೆಟ್ಟಗಳಲ್ಲಿ ಗ್ರೌಸಿನ ದಾಯಾದಿ ವಿಲೋ ಟಾರ್ಮಿಗನ್ ಇದೆ. 1990ರ ದಶಕದ ಕೊನೆಯಲ್ಲಿ ಹದಿಮೂರು ಎಸ್ಟೇಟುಗಳನ್ನು ಆರಿಸಿ, ಕೆಲವಲ್ಲಿ ಬೇಟೆ ಪೂರ್ತಿ ಬಂದ್, ಕೆಲವಲ್ಲಿ ಶೇ. 15, ಕೆಲವಲ್ಲಿ ಶೇ. 30ರಷ್ಟು ಹಕ್ಕಿ ಹೊಡೆಯಲು ಅವಕಾಶ ಎಂದು ನಿಗದಿ ಮಾಡಿದರು. 2004ರಲ್ಲಿ ಬಂದ ಫಲಿತಾಂಶದ ಪ್ರಕಾರ, ಹೊಡೆದ ಹಕ್ಕಿಗಳಲ್ಲಿ ಸುಮಾರು ಮೂರನೇ ಒಂದು ಭಾಗದ ನಷ್ಟವನ್ನಷ್ಟೇ ಪ್ರಕೃತಿ ತುಂಬಿಕೊಟ್ಟಿತ್ತು. ಉಳಿದ ಮೂರನೇ ಎರಡು ಭಾಗ ನಿಜವಾದ ನಷ್ಟ. ಎರಿಂಗ್‌ಟನ್ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ, ಪೂರ್ತಿ ನಿಜವೂ ಆಗಲಿಲ್ಲ.

ಅಮೆರಿಕದ ಅಪಲೇಶಿಯನ್ ಬೆಟ್ಟಸಾಲಿನ ಎಂಟು ರಾಜ್ಯಗಳು ಕೂಡಿ 1996ರಿಂದ 2002ರವರೆಗೆ ನಡೆಸಿದ ಅಧ್ಯಯನ ಬೇರೆಯೇ ಮಾತು ಹೇಳಿತು. ರೇಡಿಯೊ ಕಟ್ಟಿದ ಗ್ರೌಸ್‌ಗಳನ್ನು ಹಿಂಬಾಲಿಸಿದರು, ಕೆಲವು ಪ್ರದೇಶಗಳಲ್ಲಿ ಬೇಟೆ ನಿಲ್ಲಿಸಿಯೂ ನೋಡಿದರು. ನಿಲ್ಲಿಸಿದಲ್ಲಿ ಹಕ್ಕಿಗಳು ಹೆಚ್ಚೇನೂ ಬದುಕಲಿಲ್ಲ. ಸಾವಿನ ಅತಿ ದೊಡ್ಡ ಪಾಲು ಗಿಡುಗ ಗೂಬೆಗಳದ್ದು, ಬೇಟೆಗಾರರದ್ದು ಸಣ್ಣದು. ಕಡಿದಾದ ಬೆಟ್ಟ, ಕಮ್ಮಿ ಬೇಟೆಗಾರರು; ಹಾಗಾಗಿ ಅಲ್ಲಿನ ಕೆಲವು ರಾಜ್ಯಗಳಲ್ಲಿ ಋತು ಫೆಬ್ರವರಿಯವರೆಗೂ ಹರಿಯುತ್ತದೆ. ಒಂದೇ ಹಕ್ಕಿಗೆ ಒಂದೇ ದೇಶದಲ್ಲಿ ಎರಡು ನ್ಯಾಯ ಎಂದು ದೂರುವವರಿದ್ದಾರೆ. ಆದರೆ ರಸ್ತೆ ಪಕ್ಕದ ಸಾರ್ವಜನಿಕ ಕಾಡಿನಲ್ಲಿ ದಿನಾ ಹತ್ತು ನಾಯಿಗಳು ಓಡಾಡುವುದಕ್ಕೂ ಹತ್ತಲಾಗದ ಇಳಿಜಾರಿನಲ್ಲಿ ತಿಂಗಳಿಗೊಬ್ಬರು ಕಾಣಿಸುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ನ್ಯಾಯ ಹಕ್ಕಿಯಿಂದ ಹಕ್ಕಿಗೂ ಬೇರೆಯಾಗುತ್ತದೆ. ದಕ್ಷಿಣ ಡಕೋಟ 2020ರಿಂದ ಫೆಸೆಂಟ್ ಋತುವನ್ನು ಜನವರಿ 31ರವರೆಗೆ ಹಿಗ್ಗಿಸಿತು. ದುರಾಸೆಯೆನ್ನುವ ಹಾಗಿಲ್ಲ. ಅಲ್ಲಿ ಹೊಡೆಯಬಹುದಾದದ್ದು ಹುಂಜಗಳನ್ನು ಮಾತ್ರ. ಕೆಂಪು ಮುಖ, ಹಸಿರು ಕೊರಳು, ಬಿಳಿ ಪಟ್ಟಿ ಇರುವ ಹುಂಜವನ್ನು ಮಣ್ಣು ಬಣ್ಣದ ಹೇಂಟೆಯಿಂದ ಹಾರುವಾಗಲೂ ಬೇರ್ಪಡಿಸಬಹುದು, ಒಂದು ಹುಂಜ ಹತ್ತು ಹೇಂಟೆಗಳಿಗೆ ಸಾಕು. ಗ್ರೌಸಿನಲ್ಲಿ ಈ ಸವಲತ್ತಿಲ್ಲ. ಗಂಡು ಹೆಣ್ಣು ಎರಡೂ ಒಂದೇ ಬಗೆಯ ಕಂದು ಬೂದು, ಪೊದೆಯಿಂದೆದ್ದು ಮರೆಯಾಗುವುದರೊಳಗೆ ಸಿಗುವುದು ಒಂದೆರಡು ಸೆಕೆಂಡು. ಆದರೂ ಫೆಸೆಂಟ್ ಬೇಟೆಯಲ್ಲಿ ಜೌಗಿನೊಳಗೆ ನಾಯಿ ಬಿಟ್ಟಾಗ ಹುಂಜದ ಜೊತೆ ಹೇಂಟೆಗಳೂ ಎದ್ದು ಬಯಲು ಪಾಲಾಗುತ್ತವೆ ಎಂಬ ಆಕ್ಷೇಪ ಇದೆ. ಅದು ತೂಕದ ಆಕ್ಷೇಪ.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದ ಹೀತ್ ಹೆನ್ ಸಾಕ್ಷಿ. ಇದೂ ಗ್ರೌಸ್ ಬಳಗದ್ದೇ. ಒಂದು ಕಾಲಕ್ಕೆ ಕೂಲಿಯಾಳುಗಳೂ ತಿಂದು ಬೇಸತ್ತಷ್ಟು ಅಗ್ಗವಾಗಿದ್ದ ಹಕ್ಕಿ ಮುಖ್ಯಭೂಮಿಯಲ್ಲಿ ಬೇಟೆಗೆ ಬಲಿಯಾಗಿ, ಕೊನೆಗೆ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಷ್ಟೇ ಉಳಿಯಿತು. 1908ರಲ್ಲಿ ಅಲ್ಲಿ ರಕ್ಷಿತ ಪ್ರದೇಶ ಮಾಡಿದರು. ಏಳೆಂಟು ವರ್ಷದಲ್ಲಿ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು, ಎಲ್ಲರಿಗೂ ಉಸಿರು ಬಂತು. 1916ರ ಮೇ ತಿಂಗಳಲ್ಲಿ, ಹೆಣ್ಣುಗಳು ಕಾವು ಕೂತ ಹೊತ್ತಿನಲ್ಲಿ, ಕಾಡ್ಗಿಚ್ಚು ಬಿತ್ತು. ಮುಂದಿನದು ಕಡು ಚಳಿಗಾಲ. ಉತ್ತರದಿಂದ ಗೊಸ್‌ಹಾಕ್ ಎಂಬ ದೊಡ್ಡ ಗಿಡುಗಗಳು ಬಂದಿಳಿದವು. ಆಮೇಲೆ ರೋಗ. 1927ರಲ್ಲಿ ಎಣಿಸಿದಾಗ ಹದಿಮೂರು ಉಳಿದಿದ್ದವು, ಅದರಲ್ಲಿ ಹೆಣ್ಣು ಎರಡೇ. 1932ರ ಮಾರ್ಚ್ 11ರಂದು ಕಂಡ ಗಂಡೇ ಕೊನೆಯದು. ಈ ಕೊನೆಯ ಅಧ್ಯಾಯದಲ್ಲಿ ಬೇಟೆಗೆ ಅವಕಾಶವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹಕ್ಕಿಯನ್ನು ಒಂದೇ ದ್ವೀಪಕ್ಕೆ ಅಟ್ಟಿದ್ದು ಕೋವಿ. ಮುಗಿಸಿದ್ದು ಬೆಂಕಿ, ಚಳಿ, ಗಿಡುಗ, ರೋಗ.

ಗೊಸ್‌ಹಾಕ್‌ಗಳು ಹೀಗೆ ದಂಡೆತ್ತಿ ಬರುವುದಕ್ಕೂ ಒಂದು ಲಯ ಇದೆ. ಕೆನಡಾದ ಕಾಡುಗಳಲ್ಲಿ ಹಿಮಮೊಲಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ದಿಢೀರನೆ ಕುಸಿಯುತ್ತದೆ. ಆಹಾರ ತಪ್ಪಿದ ಗಿಡುಗಗಳು ದಕ್ಷಿಣಕ್ಕೆ ಹೊರಡುತ್ತವೆ. 1972ರಲ್ಲಿ ಮತ್ತು 1982ರಲ್ಲಿ ಮಿನ್ನೆಸೋಟದ ಡುಲೂತ್ ಊರಿನ ಹಾಕ್ ರಿಡ್ಜ್ ಬೆಟ್ಟದ ಮೇಲೆ ಹಕ್ಕಿ ಎಣಿಸುವವರು ಅವನ್ನು ಸಾವಿರಗಟ್ಟಲೆ ಎಣಿಸಿದ್ದರು. ಗ್ರೌಸ್ ಸಂಖ್ಯೆಯೂ ಉತ್ತರದ ಮಹಾಸರೋವರಗಳ ಸೀಮೆಯಲ್ಲಿ ಇದೇ ಹತ್ತು ವರ್ಷದ ಏರಿಳಿತ ತೋರುತ್ತದೆ. ಬೇಟೆಯ ದಿನ ಕಡಿಮೆ ಮಾಡಿದರೂ ಹೆಚ್ಚಿಸಿದರೂ ಆ ಅಲೆ ನಿಂತದ್ದಿಲ್ಲ. ಹೀಗಾಗಿ ಸಂಖ್ಯೆ ಇಳಿದ ವರ್ಷ ಋತು ಮೊಟಕುಮಾಡಿ ಎಂಬ ಕೂಗಿಗೆ ಇಲಾಖೆಗಳು ಸಾಮಾನ್ಯವಾಗಿ ಕಿವಿಗೊಡುವುದಿಲ್ಲ.

2018ರಲ್ಲಿ ವಿಸ್ಕಾನ್ಸಿನ್ ಕಿವಿಗೊಟ್ಟಿತು. ಅಲ್ಲಿ ಉತ್ತರದ ವಲಯದಲ್ಲಿ ಗ್ರೌಸ್ ಬೇಟೆ ಜನವರಿ 31ರವರೆಗೆ ನಡೆಯುತ್ತಿತ್ತು. ಆ ವಸಂತದ ಗಣತಿಯಲ್ಲಿ ಸಂಖ್ಯೆ ಹಿಂದಿನ ವರ್ಷಕ್ಕಿಂತ ಮೂರನೇ ಒಂದರಷ್ಟು ಬಿದ್ದಿತ್ತು. ಚಕ್ರದ ಪ್ರಕಾರ ಅದು ಏರಬೇಕಾದ ಕಾಲ. ಆಗಲೇ ಪೆನ್ಸಿಲ್ವೇನಿಯದಿಂದ ಬೇರೊಂದು ಸುದ್ದಿ ಬಂದಿತ್ತು: ಸೊಳ್ಳೆ ಹರಡುವ ವೆಸ್ಟ್ ನೈಲ್ ವೈರಸ್ಸಿಗೆ ಗ್ರೌಸ್ ಮರಿಗಳು ತುತ್ತಾಗುತ್ತಿವೆ. ಪೆನ್ಸಿಲ್ವೇನಿಯ ಕ್ರಿಸ್‌ಮಸ್ ನಂತರದ ಬೇಟೆಯನ್ನು 2017ರಲ್ಲೇ ಕೈಬಿಟ್ಟಿತ್ತು. ವಿಸ್ಕಾನ್ಸಿನ್ ತುರ್ತು ನಿಯಮ ತಂದು ಜನವರಿ ಮೊದಲ ವಾರಕ್ಕೆ ಋತು ಕೊನೆಗೊಳಿಸಿತು. ಕತ್ತರಿಸಿದ ವಾರಗಳಲ್ಲಿ ಹೊಡೆಯುತ್ತಿದ್ದ ಹಕ್ಕಿಗಳೇ ಕಮ್ಮಿ, ಇದರಿಂದ ಏನು ಉಳಿಯಿತು ಎಂದು ಕೆಲವರು ಕೇಳಿದರು. ಆ ಕಮ್ಮಿ ಹಕ್ಕಿಗಳೇ ದುಬಾರಿ ಹಕ್ಕಿಗಳು ಎಂದು ಇನ್ನು ಕೆಲವರು ಉತ್ತರಿಸಿದರು. ಹಿಂದೆ ವಿವರಿಸಿದ ಗಣಿತ ಬಲ್ಲವರಿಗೆ ಎರಡನೆಯದೇ ಹೆಚ್ಚು ಸರಿ ಎನಿಸೀತು. ಆದರೆ ಇಂಡಿಯಾನದ ಉದಾಹರಣೆ ಮರೆಯುವಂತಿಲ್ಲ. ಅಲ್ಲಿ 2015ರಿಂದ ಗ್ರೌಸ್ ಬೇಟೆಯೇ ಬಂದ್. ಆದರೂ 2020ರಲ್ಲಿ ಹಕ್ಕಿಯನ್ನು ರಾಜ್ಯದ ವಿನಾಶದಂಚಿನ ಪಟ್ಟಿಗೆ ಸೇರಿಸಬೇಕಾಯಿತು. ಎಳೆಯ ಕಾಡು ಮುದಿಯಾಗಿ, ಪೊದೆ ಕರಗಿ, ಮರಿಗಳಿಗೆ ಅಡಗುವ ಜಾಗವೇ ಇಲ್ಲವಾಗಿತ್ತು.

ವೈರಸ್ಸಿನ ಪಾತ್ರ ತಿಳಿಯಲು ಮಿನ್ನೆಸೋಟ, ವಿಸ್ಕಾನ್ಸಿನ್, ಮಿಶಿಗನ್ ಮೂರೂ ಸೇರಿ 2018ರಲ್ಲಿ ಬೇಟೆಗಾರರ ಕೈಗೆ ಒಂದೊಂದು ಕಿಟ್ ಕೊಟ್ಟವು. ಹೊಡೆದ ಹಕ್ಕಿಯ ರಕ್ತವನ್ನು ಕಾಗದದ ಪಟ್ಟಿಗೆ ಹೀರಿಸಿ, ಹೃದಯವನ್ನು ಬೇರೆ ತೆಗೆದಿಟ್ಟು ಕಳಿಸಬೇಕು. ಕೆಲವು ಹಕ್ಕಿಗಳಲ್ಲಿ ಪ್ರತಿಕಾಯಗಳು ಸಿಕ್ಕವು. ಅಂದರೆ ಅವು ಸೋಂಕು ತಗುಲಿಯೂ ಬದುಕಿದ್ದವು. ಸಮಾಧಾನದ ಸುದ್ದಿಯೇ, ಅರ್ಧ ಮಟ್ಟಿಗೆ. ಸೋಂಕಿನಿಂದ ಆಗಸ್ಟಿನಲ್ಲೇ ಸತ್ತ ಮರಿಯನ್ನು ಅಕ್ಟೋಬರಿನಲ್ಲಿ ಯಾವ ನಾಯಿಯೂ ಹುಡುಕಿಕೊಡುವುದಿಲ್ಲವಲ್ಲ.

ಆದ್ದರಿಂದ ಹಳೆಯ ಬಗೆಯ ವಸಂತದ ಎಣಿಕೆ ನಿಂತಿಲ್ಲ. ಮಿನ್ನೆಸೋಟದಲ್ಲಿ ಅದು 1949ರಿಂದ ನಡೆದುಬಂದಿದೆ. ಏಪ್ರಿಲ್, ಮೇ ತಿಂಗಳ ನಸುಕಿನಲ್ಲಿ ಗಂಡು ಗ್ರೌಸ್ ಬಿದ್ದ ಮರದ ದಿಮ್ಮಿ ಏರಿ ಎದೆಯ ಮುಂದೆ ರೆಕ್ಕೆ ಬಡಿಯುತ್ತದೆ. ನಿಧಾನವಾಗಿ ಶುರುವಾಗಿ ಹತ್ತು ಸೆಕೆಂಡಿನೊಳಗೆ ಐವತ್ತು ಬಡಿತ. ದೂರದಲ್ಲೆಲ್ಲೋ ಹಳೆಯ ಇಂಜಿನ್ ಹತ್ತಿಕೊಂಡ ಸದ್ದು. ಎಣಿಸುವವರು ಗೊತ್ತಾದ ದಾರಿಯಲ್ಲಿ ಹತ್ತು ಕಡೆ ಗಾಡಿ ನಿಲ್ಲಿಸಿ, ಪ್ರತಿ ಕಡೆ ನಾಲ್ಕು ನಿಮಿಷ ಕಿವಿಗೊಟ್ಟು, ಕೇಳಿದ ಸದ್ದುಗಳನ್ನು ಬರೆದುಕೊಳ್ಳುತ್ತಾರೆ. ಚಳಿಗಾಲ ದಾಟಿದ ಗಂಡುಗಳೆಷ್ಟು ಎಂಬುದು ಇದರಿಂದ ತಿಳಿಯುತ್ತದೆ, ಮುಂದಿನ ಶರತ್ಕಾಲ ಹೇಗಿದ್ದೀತು ಎಂಬುದು ತಿಳಿಯುವುದಿಲ್ಲ. 2017ರಲ್ಲಿ ಈ ಸಂಖ್ಯೆ ಒಮ್ಮೆಲೇ ಜಿಗಿದಿತ್ತು. ಭಾರಿ ನಿರೀಕ್ಷೆ ಹೊತ್ತು ಸೆಪ್ಟೆಂಬರಿನಲ್ಲಿ ಕಾಡಿಗೆ ಹೋದವರು ಹಕ್ಕಿ ಕಾಣದೆ ಬಂದರು. ಮರಿಗಳು ಮೊಟ್ಟೆಯೊಡೆದು ಬರುವ ಜೂನ್ ಮೊದಲ ಎರಡು ವಾರ ಮಳೆ ಹೇಗೆ ಬಿತ್ತು, ಚಳಿ ಎಷ್ಟಿತ್ತು ಎಂಬುದು ಏಪ್ರಿಲಿನ ದಿಮ್ಮಿಯ ಸದ್ದಿನಲ್ಲಿ ಇರುವುದಿಲ್ಲ.